ಸಿರಿಂಜ್ ಪಂಪ್: ಪರದೆ ಓದಿ, ಆದರೆ ಸಿರಿಂಜ್ ನೋಡಿ ನಂಬಿ

ರಾತ್ರಿ ಎರಡು ಗಂಟೆ. ಐಸಿಯುನಲ್ಲಿ ನನ್ನ ಪಾಲಿನ ರೋಗಿಗೆ ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್, ಸಿರಿಂಜನ್ನು ಮೋಟಾರ್‌ನಿಂದ ನಿಧಾನವಾಗಿ ತಳ್ಳುವ ಸಿರಿಂಜ್ ಪಂಪ್‌ನಲ್ಲಿ ಓಡುತ್ತಿತ್ತು. ಹೊಸ ಸಿರಿಂಜ್ ಹಾಕಿ ಅರ್ಧ ಗಂಟೆ ಆಗಿತ್ತು. ಪಂಪ್‌ನಲ್ಲಿ ಹಸಿರು ದೀಪ, ಗಂಟೆಗೆ 4.5 ಎಂಎಲ್, ಅಲಾರಂ ಸದ್ದೇ ಇಲ್ಲ. ಬಿಪಿ ಮಾತ್ರ ಇಳಿಯುತ್ತಿತ್ತು. 110 ಇದ್ದದ್ದು 90 ಆಯಿತು, ಆಮೇಲೆ 78. ಡೋಸ್ ಡಬಲ್ ಮಾಡಿ ಅಂದರು ಡ್ಯೂಟಿ ಡಾಕ್ಟರ್. ಗುಂಡಿ ಒತ್ತುವ ಮುಂಚೆ ಯಾಕೋ ಕಣ್ಣು ಸಿರಿಂಜ್ ಕಡೆ ಹೋಯಿತು. ಪರದೆ ಪ್ರಕಾರ 2 ಎಂಎಲ್‌ಗಿಂತ ಜಾಸ್ತಿ ಒಳಗೆ ಹೋಗಿರಬೇಕು. ಸಿರಿಂಜ್‌ನ ಕಪ್ಪು ರಬ್ಬರ್ 50ರ ಗೆರೆ ಬಿಟ್ಟು ಕದಲಿರಲಿಲ್ಲ.

ಸಿರಿಂಜ್ ಹಾಕುವಾಗಲೇ ಪ್ಲಂಜರ್‌ನ (ಸಿರಿಂಜ್ ಒಳಗೆ ತಳ್ಳುವ ಕಡ್ಡಿಯ) ತಲೆಗೂ ಅದನ್ನು ತಳ್ಳುವ ಪಂಪ್‌ನ ತೋಳಿಗೂ ನಡುವೆ ಸುಮಾರು 4 ಮಿ.ಮೀ. ಸಂದು ಉಳಿದಿತ್ತು, ಅಷ್ಟೇ. ಆ ವೇಗದಲ್ಲಿ 50 ಎಂಎಲ್ ಸಿರಿಂಜ್‌ನ ತೋಳು ಗಂಟೆಗೆ 8 ಮಿ.ಮೀ. ಸರಿಯುತ್ತದೆ. ಅಂದರೆ ಅರ್ಧ ಗಂಟೆ ಅದು ಖಾಲಿ ಜಾಗದಲ್ಲೇ ನಡೆದು ಬಂದಿತ್ತು. ಆಗ ಡೋಸ್ ಡಬಲ್ ಮಾಡಿದ್ದರೆ ಸಂದು ಮುಚ್ಚಿದ ಮರುಕ್ಷಣದಿಂದ ಬಿಪಿ ಬೇರೆ ದಿಕ್ಕಿಗೆ ಹಾರುತ್ತಿತ್ತು.

ಪಂಪ್ ಸುಳ್ಳು ಹೇಳಿರಲಿಲ್ಲ. ತನ್ನ ಮೋಟಾರ್ ಎಷ್ಟು ಸುತ್ತಿತು ಅನ್ನೋದು ಅದಕ್ಕೆ ಗೊತ್ತು. ಔಷಧ ರಕ್ತನಾಳಕ್ಕೆ ಸೇರಿತಾ ಅನ್ನೋದು ಗೊತ್ತಿಲ್ಲ. ಕೆಳಗಿನ ಹಂತಗಳೆಲ್ಲ ಈ ಅಂತರವನ್ನು ತುಂಬುವುದಕ್ಕೇ ಇವೆ. ಹೊಸದಾಗಿ ಐಸಿಯುಗೆ ಬಂದ ನರ್ಸ್‌ಗಳನ್ನು, ಉಪಕರಣ ನೋಡಿಕೊಳ್ಳುವ ಬಯೋಮೆಡಿಕಲ್ ಹುಡುಗರನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಲೆಕ್ಕಗಳು ತಿಳಿಯಲಿ ಅಂತ ಕೊಟ್ಟಿರುವುದು. ಡೋಸ್ ಯಾವಾಗಲೂ ನಿಮ್ಮ ವೈದ್ಯರ ಆರ್ಡರ್ ಮತ್ತು ಆಸ್ಪತ್ರೆಯ ಪ್ರೋಟೋಕಾಲ್ ಪ್ರಕಾರವೇ.

ಹಂತ 1: ಕಪಾಟಿನಿಂದ ತೆಗೆದ ಪಂಪ್ ಅನ್ನು ಮೊದಲು ನೋಡಿ

ಆನ್ ಮಾಡಿದಾಗ ಪಂಪ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆ ಐದಾರು ಸೆಕೆಂಡ್ ನಿಂತು ನೋಡಿ. ಪರದೆಯ ಎಲ್ಲ ಅಂಕಿ ಸರಿಯಾಗಿ ಹೊತ್ತಿಕೊಳ್ಳುತ್ತಾ? ಬೀಪ್ ಕೇಳಿಸುತ್ತಾ? 8ರ ಒಂದು ಗೆರೆ ಹೊತ್ತದಿದ್ದರೆ ಅದು 6 ಆಗಿಯೋ 9 ಆಗಿಯೋ ಕಾಣುತ್ತದೆ. ಹಳೇ ಎಲ್ಇಡಿ ಪರದೆಗಳಲ್ಲಿ ಇದು ನಿಜವಾದ ತೊಂದರೆ.

ಆಮೇಲೆ ತೋಳು, ಸಿರಿಂಜನ್ನು ಮೇಲಿಂದ ಹಿಡಿಯುವ ಕ್ಲಾಂಪ್, ಸಿರಿಂಜ್ ಅಂಚು ಕೂರುವ ಸೀಳು. ಅಲ್ಲಿ ಡೆಕ್ಸ್‌ಟ್ರೋಸ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ. ಅಂಟಿದ ಕ್ಲಾಂಪ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಪಂಪ್ 50ರ ಸಿರಿಂಜನ್ನು ಬೇರೆ ಸೈಜ್ ಅಂದುಕೊಳ್ಳಬಹುದು, ಯಾಕಂದರೆ ಬಹಳಷ್ಟು ಪಂಪ್‌ಗಳು ಸಿರಿಂಜ್‌ನ ಸೈಜ್ ಗುರುತಿಸುವುದು ಈ ಕ್ಲಾಂಪ್ ಎಷ್ಟು ಮೇಲೆ ನಿಂತಿದೆ ಅನ್ನೋದನ್ನು ನೋಡಿಯೇ.

ಬ್ಯಾಟರಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ನಮ್ಮ ಕಡೆ ಕರೆಂಟ್ ಹೋಗಿ ಜನರೇಟರ್ ಬರುವ ತನಕ ಪಂಪ್ ಬ್ಯಾಟರಿ ಮೇಲೇ ಬದುಕಬೇಕು. ಅದು ಕೆಲವೇ ಸೆಕೆಂಡ್, ಹೇಗೋ ನಡೆಯುತ್ತದೆ. ನಿಜವಾದ ಪರೀಕ್ಷೆ ಸಿಟಿ ಸ್ಕ್ಯಾನ್‌ಗೆ ಶಿಫ್ಟಿಂಗ್ ಮಾಡುವಾಗ. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಬ್ಯಾಟರಿ ಚಿಹ್ನೆ ಪೂರ್ತಿ ತುಂಬಿದ್ದ ಪಂಪ್ ಲಿಫ್ಟ್ ಒಳಗೇ ಆರಿಹೋಯಿತು. ಹೊರಟು ಹತ್ತು ನಿಮಿಷ ಆಗಿರಲಿಲ್ಲ. ವಯಸ್ಸಾದ ಬ್ಯಾಟರಿ ಹಾಗೇ ಮಾಡುತ್ತದೆ: ಬೇಗ ತುಂಬಿದ ಹಾಗೆ ತೋರಿಸುತ್ತದೆ, ಬೇಗ ಬತ್ತುತ್ತದೆ. ಹಾಗಾಗಿ ಚಿಹ್ನೆಯನ್ನು ನಂಬಿ ಕೂರಬೇಡಿ. ತಿಂಗಳಿಗೊಮ್ಮೆ ಪ್ರತಿ ಪಂಪ್ ಅನ್ನು ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ತೆಗೆದು, ನೀರು ತುಂಬಿದ ಸಿರಿಂಜ್ ಹಾಕಿ ಗಂಟೆಗೆ 5 ಎಂಎಲ್‌ನಲ್ಲಿ ಓಡಿಸಿ. ಎಷ್ಟು ಹೊತ್ತು ಓಡಿತು ಅಂತ ಪಂಪ್ ಮೇಲೆ ಚೀಟಿ ಅಂಟಿಸಿ. ಒಂದು ಗಂಟೆಯೂ ಬಾರದ ಪಂಪ್ ಶಿಫ್ಟಿಂಗ್‌ಗೆ ಹೋಗಲೇಬಾರದು.

ಹಂತ 2: ಸಿರಿಂಜ್ ಆರಿಸುವುದು

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗಲ್ಲ. ಅದರಲ್ಲೂ ಯಾರ ಕಣ್ಣಿಗೂ ಬೀಳದ ತಪ್ಪು.

ಪಂಪ್ ಎಂಎಲ್ ಅಳೆಯುವುದಿಲ್ಲ. ಅದು ತೋಳನ್ನು ಇಷ್ಟು ಮಿ.ಮೀ. ಅಂತ ಸರಿಸುತ್ತದೆ. ಅಷ್ಟು ಸರಿದರೆ ಎಷ್ಟು ಎಂಎಲ್ ಹೋಗುತ್ತದೆ ಅನ್ನೋದು ಸಿರಿಂಜ್‌ನ ಒಳಗಿನ ಅಗಲದ ಮೇಲಿದೆ. ಒಂದೊಂದು ಕಂಪನಿಯ 50 ಎಂಎಲ್ ಸಿರಿಂಜ್‌ನ ಒಳ ಅಗಲ ಒಂದೊಂದು ಥರ. ಅದಕ್ಕೇ ಮೆನುವಿನಲ್ಲಿ ಸಿರಿಂಜ್‌ನ ಬ್ರ್ಯಾಂಡ್ ಆರಿಸಿ ಅಂತ ಕೇಳುವುದು. ಪಂಪ್‌ನ ಲೆಕ್ಕದಲ್ಲಿ ಒಳ ಅಗಲ 26 ಮಿ.ಮೀ. ಇದ್ದು, ನೀವು ಹಾಕಿದ ಸಿರಿಂಜ್ 28 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಬರೀ 2 ಮಿ.ಮೀ. ಆದರೆ ಅಗಲದ ವರ್ಗಕ್ಕೆ ತಕ್ಕ ಹಾಗೆ ಔಷಧ ಹೆಚ್ಚುವುದರಿಂದ ರೋಗಿಗೆ ಶೇ. 16ರಷ್ಟು ಜಾಸ್ತಿ ಹೋಗುತ್ತದೆ. ಅಲಾರಂ? ಆಗಲ್ಲ. ಪಂಪ್ ದೃಷ್ಟಿಯಲ್ಲಿ ಎಲ್ಲ ಸರಿ ಇದೆ.

ನಮ್ಮಲ್ಲಿ ಕಷ್ಟ ಏನಂದ್ರೆ, ಸ್ಟೋರ್‌ನವರು ಈ ತಿಂಗಳು ಒಂದು ಬ್ರ್ಯಾಂಡ್ ತರಿಸುತ್ತಾರೆ, ಮುಂದಿನ ತಿಂಗಳು ಟೆಂಡರ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಪಂಪ್‌ನಲ್ಲಿ ಹಳೇ ಹೆಸರೇ ಇರುತ್ತದೆ. ಪರಿಹಾರ ಸುಲಭ, ಹಟ ಬೇಕಷ್ಟೇ. ಪಂಪ್‌ಗೆ ಅಂತಲೇ ಒಂದು ಬ್ರ್ಯಾಂಡ್ ನಿಗದಿ ಮಾಡಿಸಿ. ಅದು ಮುಗಿದು ಬೇರೆ ಬಂದ ದಿನ ಪ್ರತಿ ಪಂಪ್‌ನ ಸೆಟ್ಟಿಂಗ್ ಬದಲಾಗಬೇಕು. ಹೊಸ ಬ್ರ್ಯಾಂಡ್ ಮೆನುವಿನಲ್ಲೇ ಇಲ್ಲದಿದ್ದರೆ "ಹತ್ತಿರದ್ದು" ಆರಿಸಬೇಡಿ. ಬಯೋಮೆಡಿಕಲ್‌ನವರನ್ನು ಕರೆದು ಕ್ಯಾಲಿಬ್ರೇಟ್ ಮಾಡಿಸಿ.

ಇನ್ನು ಸೈಜ್. ಒಳ ಅಗಲ 27 ಮಿ.ಮೀ. ಇರುವ 50 ಎಂಎಲ್ ಸಿರಿಂಜ್‌ನಲ್ಲಿ 1 ಎಂಎಲ್ ಹೋಗಲು ಪ್ಲಂಜರ್ ಸುಮಾರು 1.75 ಮಿ.ಮೀ. ಸರಿಯಬೇಕು. 15 ಮಿ.ಮೀ. ಅಗಲದ 10 ಎಂಎಲ್ ಸಿರಿಂಜ್‌ನಲ್ಲಾದರೆ ಸುಮಾರು 5.7 ಮಿ.ಮೀ. ಗಂಟೆಗೆ 1 ಎಂಎಲ್ ಓಡಿಸುವಾಗ ದೊಡ್ಡ ಸಿರಿಂಜ್‌ನ ಪ್ಲಂಜರ್ ಗಂಟೆಗೆ ಎರಡು ಮಿ.ಮೀ. ಕೂಡ ನಡೆಯಲ್ಲ. ರಬ್ಬರ್ ಗೋಡೆಗೆ ಅಂಟಿ ನಿಲ್ಲುತ್ತದೆ, ಒತ್ತಡ ಸೇರಿ ಫಕ್ಕನೆ ಜಾರುತ್ತದೆ, ಮತ್ತೆ ನಿಲ್ಲುತ್ತದೆ. ನವಜಾತ ಶಿಶುಗಳ ಐಸಿಯು, ಅಂದರೆ ಎನ್‌ಐಸಿಯುನಲ್ಲಿ ಮಗುವಿನ ಬಿಪಿ ಅಲೆಯ ಹಾಗೆ ಏರಿಳಿದರೆ ಇದನ್ನೂ ಸಂಶಯಪಡಿ. ಕಡಿಮೆ ವೇಗಕ್ಕೆ ಚಿಕ್ಕ ಸಿರಿಂಜ್ ಹಾಕಿ. ಯಾವ ಸೈಜ್ ಆದರೂ ತುದಿಯನ್ನು ತಿರುಗಿಸಿ ಬಿಗಿಯುವ ಲೂಯರ್ ಲಾಕ್ ಇರುವುದೇ ಬೇಕು. ಸುಮ್ನೆ ಒತ್ತಿ ಕೂರಿಸುವ ತುದಿ ಒತ್ತಡ ಬಂದಾಗ ಕಳಚಿಕೊಳ್ಳುತ್ತದೆ.

ಹಂತ 3: ಔಷಧ ಬೆರೆಸಿ, ಲೇಬಲ್ ಹಚ್ಚಿ

ಪಂಪ್ ಎಷ್ಟೇ ಒಳ್ಳೆಯದಿರಲಿ, ಸಿರಿಂಜ್ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಎರಡು ಜಾಗದಲ್ಲಿ ಹುಷಾರಾಗಿರಿ.

ನಾರ್‌ಅಡ್ರಿನಲಿನ್ ಆಂಪುಲ್ ಮೇಲೆ ಬೈಟಾರ್ಟ್ರೇಟ್ ಉಪ್ಪಿನ ತೂಕ ಒಂದು, ಬೇಸ್ (ಉಪ್ಪಿನ ಭಾಗ ಬಿಟ್ಟು ಬರೀ ಔಷಧದ) ತೂಕ ಒಂದು ಇರುತ್ತದೆ. 2 ಮಿ.ಗ್ರಾಂ. ಬೈಟಾರ್ಟ್ರೇಟ್ ಅಂದರೆ 1 ಮಿ.ಗ್ರಾಂ. ಬೇಸ್. ಒಬ್ಬರು ದೊಡ್ಡ ಅಂಕಿ ನೋಡಿ, ಇನ್ನೊಬ್ಬರು ಸಣ್ಣ ಅಂಕಿ ನೋಡಿ ಬೆರೆಸಿದರೆ ಒಂದೇ ವಾರ್ಡ್‌ನಲ್ಲಿ ಎರಡು ಶಕ್ತಿಯ ಸಿರಿಂಜ್ ತಯಾರಾಗುತ್ತವೆ. ಎಲ್ಲರೂ ಬೇಸ್ ಲೆಕ್ಕವನ್ನೇ ಹಿಡಿಯಬೇಕು ಅಂತ ಗೋಡೆಯ ಮೇಲೆ ಬರೆಸಿ.

ಇನ್ಸುಲಿನ್ ನಮ್ಮ ದೇಶದಲ್ಲಿ ಎಂಎಲ್‌ಗೆ 40 ಯೂನಿಟ್ ಮತ್ತು 100 ಯೂನಿಟ್, ಎರಡೂ ಸಿಗುತ್ತದೆ. 50 ಎಂಎಲ್‌ನಲ್ಲಿ 50 ಯೂನಿಟ್ ಬೆರೆಸಲು 40ರ ವಯಲ್‌ನಿಂದ 1.25 ಎಂಎಲ್ ಬೇಕು, 100ರದರಿಂದ ಅರ್ಧ ಎಂಎಲ್ ಸಾಕು. ಕೈ ಅಭ್ಯಾಸಕ್ಕೆ 100ರ ವಯಲ್‌ನಿಂದಲೂ 1.25 ಎಳೆದರೆ ಸಿರಿಂಜ್‌ನಲ್ಲಿ 125 ಯೂನಿಟ್. ರೋಗಿಗೆ ಎರಡೂವರೆ ಪಟ್ಟು.

ಲೇಬಲ್‌ನಲ್ಲಿ ಔಷಧ, ಒಟ್ಟು ಪ್ರಮಾಣ, ಎಷ್ಟು ಎಂಎಲ್‌ನಲ್ಲಿ, ಒಂದು ಎಂಎಲ್‌ಗೆ ಎಷ್ಟು, ವೇಳೆ, ಬೆರೆಸಿದವರ ಸಹಿ ಇರಲಿ. ಸಿರಿಂಜ್‌ನ ಗೆರೆಗಳ ಮೇಲೆ ಮಾತ್ರ ಅಂಟಿಸಬೇಡಿ. ಆ ಗೆರೆಗಳೇ ನಿಮ್ಮ ಸಾಕ್ಷಿ.

ಹಂತ 4: ಕೂರಿಸುವುದು ಮತ್ತು ಸಂದು ತೆಗೆಯುವುದು

ಪಂಪ್ ರೋಗಿಯ ಎದೆಯ ಮಟ್ಟಕ್ಕೆ ಹತ್ತಿರ ಇರಲಿ. ಓಡುತ್ತಿರುವ ಪಂಪ್ ಅನ್ನು ಸ್ಟ್ಯಾಂಡ್ ಮೇಲೆ ಏರಿಸಿದರೆ ಒಂದಿಷ್ಟು ಔಷಧ ಒಮ್ಮೆಲೇ ಹೋಗುತ್ತದೆ. ಇಳಿಸಿದರೆ ಸ್ವಲ್ಪ ಹೊತ್ತು ಏನೂ ಹೋಗಲ್ಲ, ಕೆಲವೊಮ್ಮೆ ರಕ್ತ ಲೈನ್‌ಗೆ (ರೋಗಿಗೆ ಔಷಧ ಒಯ್ಯುವ ಕೊಳವೆಗೆ) ವಾಪಸ್ ಬರುತ್ತದೆ. ಹಾಸಿಗೆ ಏರಿಸಿ ಇಳಿಸುವಾಗಲೂ ಇದೇ ಕಥೆ.

ಸಿರಿಂಜ್‌ನ ಗಾಳಿ ತೆಗೆದು, ಸಣ್ಣ ಒಳಕೊಳವೆಯ ಲೈನ್ ಜೋಡಿಸಿ ಔಷಧ ತುಂಬಿಸಿ. ಸಿರಿಂಜ್‌ನ ಅಗಲವಾದ ಅಂಚು ಸೀಳಿನಲ್ಲಿ ಪೂರ್ತಿ ಕೂರಬೇಕು. ಪ್ಲಂಜರ್‌ನ ತಲೆಯನ್ನು ತೋಳಿನ ಕೊಕ್ಕೆ ಎರಡೂ ಕಡೆಯಿಂದ ಹಿಡಿಯಬೇಕು. ಕ್ಲಾಂಪ್ ಕೆಳಗಿಳಿಸಿ ಬೆರಳಿಂದ ಸಿರಿಂಜನ್ನು ಹಿಂದೆ ಮುಂದೆ ಅಲ್ಲಾಡಿಸಿ. ಅಲ್ಲಾಡಿದರೆ ಸಂದು ಇದೆ.

ಈಗ ಮುಖ್ಯ ಕೆಲಸ. ಲೈನ್ ಇನ್ನೂ ರೋಗಿಗೆ ಸೇರಿಸಿರಬಾರದು. ಪಂಪ್‌ನ ಪರ್ಜ್ ಗುಂಡಿ ಒತ್ತಿ ಹಿಡಿಯಿರಿ. ತೋಳು ಮುಂದೆ ಬಂದು ಪ್ಲಂಜರ್‌ಗೆ ತಾಗುತ್ತದೆ, ರಬ್ಬರ್ ಕದಲುತ್ತದೆ, ಲೈನ್‌ನ ತುದಿಯಲ್ಲಿ ಒಂದು ಹನಿ ಮೂಡುತ್ತದೆ. ಹನಿ ಬಿದ್ದ ಮೇಲೆಯೇ ರೋಗಿಗೆ ಜೋಡಿಸಿ. ಕೈಯಿಂದ ತುಂಬಿಸಿಟ್ಟ ಲೈನ್ ಆದರೂ ಪರ್ಜ್ ಬಿಡಬೇಡಿ. ಕೈ ಲೈನನ್ನು ತುಂಬಿಸುತ್ತದೆ, ಸಂದನ್ನು ಮುಚ್ಚುವುದಿಲ್ಲ. ಆ ರಾತ್ರಿ ನಾನು ಬಿಟ್ಟಿದ್ದು ಈ ಹನಿಯನ್ನೇ. ಇನ್ನೊಂದು: ಲೈನ್ ರೋಗಿಗೆ ಸೇರಿದ ಮೇಲೆ ಪರ್ಜ್ ಗುಂಡಿಗೆ ಕೈ ಹಾಕಲೇಬೇಡಿ.

ಹಂತ 5: ಅಂಕಿ ಒತ್ತುವುದು

60 ಕೆ.ಜಿ. ರೋಗಿ, ನಾರ್‌ಅಡ್ರಿನಲಿನ್ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 50 ಎಂಎಲ್‌ನಲ್ಲಿ 4 ಮಿ.ಗ್ರಾಂ. ಬೇಸ್ ಬೆರೆಸಿದ್ದರೆ ಒಂದು ಎಂಎಲ್‌ನಲ್ಲಿ 80 ಮೈಕ್ರೋಗ್ರಾಂ. 360 ಭಾಗಿಸು 80, ಗಂಟೆಗೆ 4.5 ಎಂಎಲ್.

ಈ 4.5 ಅನ್ನೋದು 45 ಆಗಲು ಒಂದು ಚುಕ್ಕಿ ಸಾಕು. ಸವೆದ ಕೀಪ್ಯಾಡ್‌ನಲ್ಲಿ ಚುಕ್ಕಿ ಒತ್ತಿದ್ದು ಬೀಳಲ್ಲ. ಕೆಲವೊಮ್ಮೆ ಒಂದು ಸಲ ಒತ್ತಿದ್ದು ಎರಡು ಸಲ ಬೀಳುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಒತ್ತಿ, ಕೈ ತೆಗೆಯಿರಿ, ಪರದೆಯಲ್ಲಿ ಇರುವುದನ್ನು ಗಟ್ಟಿಯಾಗಿ ಓದಿ. "ನಾಲ್ಕು ಪಾಯಿಂಟ್ ಐದು" ಅಂತ. ಪಕ್ಕದವರು ಆರ್ಡರ್ ಹಾಳೆ ನೋಡಿ ಹೂಂ ಅನ್ನಲಿ. ಆಮೇಲೆ ಸ್ಟಾರ್ಟ್. ಮನಸ್ಸಿನಲ್ಲಿ ಓದಿಕೊಂಡರೆ ಮನಸ್ಸು ತಾನು ಒತ್ತಬೇಕೆಂದಿದ್ದ ಅಂಕಿಯನ್ನೇ ಓದುತ್ತದೆ, ಅಲ್ವಾ?

ಹಿಂದಿನ ರೋಗಿಯ ಸೆಟ್ಟಿಂಗ್ ಉಳಿದಿದೆಯಾ ನೋಡಿ. ಪರದೆ ಎಂಎಲ್ ಲೆಕ್ಕದಲ್ಲಿದೆಯಾ, ಕೆ.ಜಿ. ಲೆಕ್ಕದಲ್ಲಿದೆಯಾ ಅಂತಲೂ ನೋಡಿ.

ಅಳತೆಯ ಗೊಂದಲ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಬ್ರಿಟನ್ನಿನ ಒಂದು ಹಳೇ ಕಥೆ ಇದೆ. ಅಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಥರದ ಔಷಧ ಕೊಡಲು ಗ್ರೇಸ್‌ಬೈ ಅನ್ನುವ ಪುಟ್ಟ ಪಂಪ್‌ಗಳು ದಶಕಗಳ ಕಾಲ ಬಳಕೆಯಲ್ಲಿದ್ದವು. ಎರಡು ಮಾದರಿ. ನೀಲಿ ಬಣ್ಣದ ಎಂಎಸ್16ಎ ಗಂಟೆಗೆ ಇಷ್ಟು ಮಿ.ಮೀ. ಸರಿಯುತ್ತಿತ್ತು. ಹಸಿರು ಬಣ್ಣದ ಎಂಎಸ್26 ಇಪ್ಪತ್ನಾಲ್ಕು ಗಂಟೆಗೆ ಇಷ್ಟು ಮಿ.ಮೀ. ಆಕಾರ ಹೆಚ್ಚುಕಡಿಮೆ ಒಂದೇ. ಹಸಿರು ಅಂದುಕೊಂಡು ನೀಲಿಯಲ್ಲಿ ಅಂಕಿ ಹಾಕಿದರೆ ಔಷಧ 24 ಪಟ್ಟು ವೇಗವಾಗಿ ಹೋಗುತ್ತಿತ್ತು. 2010ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ ಮಿ.ಮೀ. ಲೆಕ್ಕದ ಪಂಪ್‌ಗಳನ್ನು 5 ವರ್ಷದಲ್ಲಿ ಕೈಬಿಟ್ಟು, ಎಂಎಲ್ ಲೆಕ್ಕದವಕ್ಕೆ ಬದಲಾಗಿ ಅಂತ ಆಸ್ಪತ್ರೆಗಳಿಗೆ ಹೇಳಿತು. ಯಂತ್ರ ಕೆಟ್ಟಿರಲಿಲ್ಲ. ಎರಡೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದವು.

ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಅದೇ ವರ್ಷ ಎಚ್ಚೆತ್ತುಕೊಂಡಿತು. 2005ರಿಂದ 2009ರವರೆಗೆ ಎಲ್ಲ ಬಗೆಯ ಇನ್‌ಫ್ಯೂಷನ್ ಪಂಪ್‌ಗಳ ಬಗ್ಗೆ ಅದಕ್ಕೆ ಸುಮಾರು 56,000 ತೊಂದರೆ ವರದಿಗಳು ಬಂದಿದ್ದವು. 87 ರೀಕಾಲ್‌ಗಳು (ದೋಷಕ್ಕಾಗಿ ಪಂಪ್ ವಾಪಸ್ ಪಡೆಯುವುದು ಅಥವಾ ಸರಿಪಡಿಸುವುದು) ಆಗಿದ್ದವು. ಕಾರಣಗಳ ಪಟ್ಟಿಯಲ್ಲಿ ಸಾಫ್ಟ್‌ವೇರ್ ದೋಷ ಮತ್ತು ಬಿಡಿಭಾಗದ ದೋಷದ ಜೊತೆಗೇ, ಬಳಸುವವರಿಗೆ ಗೊಂದಲ ಮಾಡುವ ಪರದೆ ಮತ್ತು ಗುಂಡಿಗಳೂ ಇದ್ದವು. ಒಂದು ಒತ್ತು ಎರಡಾಗಿ ಬೀಳುವುದು ಸಹ. ನರ್ಸ್ ಮೇಲೆ ಮೆಮೋ ಬರೆಯುವವರು ಇದನ್ನು ಒಮ್ಮೆ ಓದಿದರೆ ಒಳ್ಳೆಯದು.

ಹಂತ 6: ಮೊದಲ ಒಂದು ಗಂಟೆ

ಸ್ಟಾರ್ಟ್ ಮಾಡಿದ ತಕ್ಷಣ ಸಿರಿಂಜ್ ಪಕ್ಕ ಬಿಳಿ ಪ್ಲಾಸ್ಟರ್‌ನ ಸಣ್ಣ ಪಟ್ಟಿ ಅಂಟಿಸಿ. ರಬ್ಬರ್ ಈಗ ಎಲ್ಲಿದೆಯೋ ಅಲ್ಲಿ ಗೆರೆ ಹಾಕಿ, ವೇಳೆ ಬರೆಯಿರಿ. ಒಂದು ಗಂಟೆ ಬಿಟ್ಟು ಮತ್ತೊಂದು ಗೆರೆ. ಎರಡು ಗೆರೆಗಳ ನಡುವೆ 4.5 ಎಂಎಲ್ ಇರಬೇಕು. ನಮ್ಮ ವಾರ್ಡ್‌ನಲ್ಲಿ ಚಾರ್ಟ್‌ನಲ್ಲೂ ಎರಡು ಕಾಲಂ ಇಟ್ಟಿದ್ದೇವೆ: ಪರದೆ ಹೇಳಿದ್ದು ಒಂದರಲ್ಲಿ, ಸಿರಿಂಜ್‌ನಲ್ಲಿ ಕಂಡದ್ದು ಇನ್ನೊಂದರಲ್ಲಿ. ಎರಡನೆಯದನ್ನು ನೋಡದೇ ತುಂಬುವುದು ಕಷ್ಟ. ಹಾಗೇ ತುಂಬುವವರೂ ಇದ್ದಾರೆ, ಇರಲಿ.

ಹಂತ 7: ಅಲಾರಂ ಕೂಗಿದಾಗ

ಸಿರಿಂಜ್ ಮುಗಿಯುತ್ತಿದೆ, ಬ್ಯಾಟರಿ ಇಳಿದಿದೆ, ಸಿರಿಂಜ್ ಸಡಿಲ ಇದೆ ಅನ್ನುವ ಅಲಾರಂಗಳು ಸುಲಭ. ಔಷಧದ ದಾರಿ ಕಟ್ಟಿದಾಗ ಬರುವ ಆಕ್ಲೂಷನ್ ಅಲಾರಂ ಹಾಗಲ್ಲ.

ಲೈನ್ ಎಲ್ಲೋ ಮಡಚಿದೆ ಅಥವಾ ಥ್ರೀ-ವೇ (ಲೈನ್‌ನಲ್ಲಿರುವ ಮೂರು ಬಾಯಿಯ ಪುಟ್ಟ ನಲ್ಲಿ) ಮುಚ್ಚಿದೆ. ಮೋಟಾರ್ ತಳ್ಳುತ್ತಲೇ ಇದೆ. ರಬ್ಬರ್ ಅಮುಕಿಕೊಳ್ಳುತ್ತದೆ, ಲೈನ್ ಉಬ್ಬುತ್ತದೆ. ಒತ್ತಡ ನಿಗದಿತ ಮಿತಿ ಮುಟ್ಟಿದಾಗಲೇ ಅಲಾರಂ. ಸಿರಿಂಜ್ ಮತ್ತು ಲೈನ್ ಸೇರಿ 1 ಎಂಎಲ್ ನುಂಗಿಕೊಳ್ಳುತ್ತವೆ ಅಂತ ಇಟ್ಟುಕೊಂಡರೆ, ಗಂಟೆಗೆ 1 ಎಂಎಲ್ ಓಡುವ ಪಂಪ್ ಕೂಗಲು ಒಂದು ಗಂಟೆ ಬೇಕು. ಆ ಒಂದು ಗಂಟೆ ರೋಗಿಗೆ ಔಷಧ ಇಲ್ಲ. ಅದಕ್ಕೇ ನಾರ್‌ಅಡ್ರಿನಲಿನ್ ಥರದವಕ್ಕೆ ಒತ್ತಡದ ಮಿತಿಯನ್ನು ಸುಳ್ಳು ಅಲಾರಂ ಬಾರದ ಹಾಗೆ ಎಷ್ಟು ಕೆಳಗೆ ಇಡಲು ಆಗುತ್ತೋ ಅಷ್ಟು ಕೆಳಗೆ ಇಡಬೇಕು. ಅಲಾರಂ ಕಿರಿಕಿರಿ ಅಂತ ಮಿತಿಯನ್ನು ಮೇಲಕ್ಕೆ ಏರಿಸಿಟ್ಟು ಹೋಗುವ ಅಭ್ಯಾಸ ಬಹಳ ಕಡೆ ಇದೆ. ಪ್ರತಿ ಡ್ಯೂಟಿ ಶುರುವಿನಲ್ಲಿ ಅದನ್ನು ನೋಡಿ.

ಇದಕ್ಕಿಂತ ಅಪಾಯದ್ದು ಮುಂದಿನ ಕ್ಷಣ. ಅಲಾರಂ ಕೇಳಿ ಓಡಿ ಬಂದು, ಮಡಚಿದ ಲೈನ್ ಬಿಡಿಸಿದಿರಿ ಅಂದುಕೊಳ್ಳಿ. ಉಬ್ಬಿ ನಿಂತಿದ್ದ ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲೇ 1 ಎಂಎಲ್ ಅಂದರೆ 80 ಮೈಕ್ರೋಗ್ರಾಂ, ನಿಮಿಷಕ್ಕೆ 6ರಂತೆ ಹದಿಮೂರು ನಿಮಿಷದ ಡೋಸ್. ಬಿಪಿ 200 ದಾಟಿದರೆ ಆಶ್ಚರ್ಯ ಇಲ್ಲ.

ಹಾಗಾಗಿ ಕ್ರಮ ಬದಲಿಸಿ. ಮೊದಲು ಪಂಪ್ ನಿಲ್ಲಿಸಿ. ರೋಗಿಯ ಕಡೆ ಥ್ರೀ-ವೇ ಮುಚ್ಚಿ. ಬದಿಯ ಬಾಯಿ ತೆರೆದು ಒತ್ತಡ ಗಾಜ್ ಮೇಲೆ ಹೋಗಲು ಬಿಡಿ. ಅಡಚಣೆ ಅದಕ್ಕೂ ಹಿಂದೆ, ಪಂಪ್ ಕಡೆ ಇದ್ದರೆ ಬಿಡಿಸಿ, ಅಲ್ಲಿಂದ ಬಂದದ್ದೂ ಗಾಜ್‌ಗೇ ಹೋಗಲಿ. ಅದು ಹೋದ ಮೇಲೆ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ. ಇಷ್ಟಕ್ಕೆಲ್ಲ ಅರ್ಧ ನಿಮಿಷ. ಮೊದಲೇ ಖಾಲಿ ಸಿರಿಂಜ್‌ನಲ್ಲಿ ಅಭ್ಯಾಸ ಮಾಡಿಟ್ಟುಕೊಂಡಿದ್ದರೆ ಮಾತ್ರ.

ಹಂತ 8: ಸಿರಿಂಜ್ ಬದಲಿಸುವುದು

ನಾರ್‌ಅಡ್ರಿನಲಿನ್‌ನ ಪ್ರಭಾವ ದೇಹದಲ್ಲಿ ಕೆಲವೇ ನಿಮಿಷ. ಸಿರಿಂಜ್ ಖಾಲಿ ಆದ ಮೇಲೆ ಹೊಸದನ್ನು ಬೆರೆಸಲು ಕೂತರೆ ತಡವಾಯಿತು. ಇನ್ನೂ 10 ಎಂಎಲ್ ಇರುವಾಗಲೇ ಹೊಸದು ತಯಾರಿರಲಿ. ಸಾಧ್ಯವಿದ್ದರೆ ಎರಡನೇ ಪಂಪ್‌ನಲ್ಲಿ ಹಾಕಿ, ಪರ್ಜ್ ಮಾಡಿ, ಹನಿ ನೋಡಿ, ಸೆಂಟ್ರಲ್ ಲೈನ್‌ನ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯ) ಥ್ರೀ-ವೇಗೆ ಸೇರಿಸಿ ಓಡಿಸಿ. ಬಿಪಿ ಸ್ವಲ್ಪ ಏರಲು ಶುರುವಾದಾಗ ಹಳೆಯದನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿ.

ಒಂದೇ ಪಂಪ್ ಇದ್ದರೆ ಒಂದು ನಿಯಮ ಮರೆಯಬೇಡಿ: ಸಿರಿಂಜ್ ಹೊರತೆಗೆಯುವ ಮೊದಲು ರೋಗಿಯ ಕಡೆ ಥ್ರೀ-ವೇ ಮುಚ್ಚಿರಬೇಕು. ತೋಳಿನ ಹಿಡಿತ ತಪ್ಪಿದ ಸಿರಿಂಜ್ ರೋಗಿಗಿಂತ ಎತ್ತರದಲ್ಲಿದ್ದರೆ, ಔಷಧದ ಭಾರಕ್ಕೇ ಪ್ಲಂಜರ್ ಒಳಗೆ ಎಳೆದುಕೊಂಡು ಇಡೀ ಸಿರಿಂಜ್ ಸುರಿದುಹೋಗಬಹುದು.

ಹಂತ 9: ಪಂಪ್ ನಿಜವಾಗಿ ಎಷ್ಟು ಕೊಡುತ್ತದೆ, ನೀವೇ ಅಳೆಯಿರಿ

ಇದಕ್ಕೆ ದೊಡ್ಡ ಯಂತ್ರ ಬೇಡ. ಸಿರಿಂಜ್‌ಗೆ ನೀರು ತುಂಬಿ, ಪರ್ಜ್ ಮಾಡಿ, ಗಂಟೆಗೆ 20 ಎಂಎಲ್ ಇಟ್ಟು ಅರ್ಧ ಗಂಟೆ ಓಡಿಸಿ. ನೀರು ಲ್ಯಾಬ್‌ನ ತಕ್ಕಡಿ ಮೇಲಿರುವ ಪುಟ್ಟ ಬೀಕರ್‌ಗೆ ಬೀಳಲಿ. 10 ಎಂಎಲ್ ನೀರು ಅಂದರೆ 10 ಗ್ರಾಂ. ಬಹಳಷ್ಟು ಪಂಪ್‌ಗಳ ಕೈಪಿಡಿಯಲ್ಲಿ ಶೇ. 2ರಿಂದ 3ರಷ್ಟು ಏರುಪೇರು ಒಪ್ಪಿಕೊಂಡಿರುತ್ತಾರೆ. 9.7ಕ್ಕಿಂತ ಕೆಳಗೆ ಅಥವಾ 10.3ಕ್ಕಿಂತ ಮೇಲೆ ಬಂದರೆ ಮೊದಲು ಬ್ರ್ಯಾಂಡ್ ಸೆಟ್ಟಿಂಗ್ ನೋಡಿ. ಹತ್ತಕ್ಕೆ ಎಂಟು ಸಲ ತಪ್ಪು ಅಲ್ಲೇ ಸಿಗುತ್ತದೆ ಅನ್ನೋದು ನನ್ನ ಅಂದಾಜು. ಅದು ಸರಿ ಇದ್ದರೆ ಸರ್ವಿಸ್‌ಗೆ ಕಳಿಸಿ.

ಹೊಸ ಪಂಪ್ ಕೊಳ್ಳುವ ಕಮಿಟಿಯಲ್ಲಿ ಕೂತರೆ ಡೆಮೋದವರಿಗೆ ಇದನ್ನೇ ಮಾಡಿ ತೋರಿಸಿ ಅನ್ನಿ. ನಿಮ್ಮ ಸ್ಟೋರ್‌ನ ಸಿರಿಂಜ್‌ನಲ್ಲಿ, ಅವರು ತಂದದ್ದರಲ್ಲಿ ಅಲ್ಲ. ಆಮೇಲೆ ರಾತ್ರಿ ಡ್ಯೂಟಿಯ ಸಿಸ್ಟರ್ ಒಬ್ಬರ ಕೈಗೆ ಕೊಟ್ಟು, ಕೈಪಿಡಿ ಇಲ್ಲದೆ 4.5 ಹಾಕಿ ಶುರು ಮಾಡಲು ಹೇಳಿ. ಅವರು ಎಲ್ಲಿ ತಡವರಿಸಿದರೋ ಬರೆದುಕೊಳ್ಳಿ. ದೀಪ ಆರಿಸಿದಾಗ ಪರದೆ ಓದಲು ಬರುತ್ತಾ, ಗ್ಲೌಸ್ ಹಾಕಿದ ಬೆರಳಿಗೆ ಗುಂಡಿ ಸಿಗುತ್ತಾ, ಬ್ಯಾಟರಿ ಬದಲಿಸಲು ಎಂಜಿನಿಯರ್ ಎಲ್ಲಿಂದ ಬರಬೇಕು? ಬೆಂಗಳೂರಿಂದ ಬೀದರ್‌ಗೆ ಒಂದು ರಾತ್ರಿಯ ಪ್ರಯಾಣ.

ಹಂತ 10: ತಪ್ಪಾದಾಗ

ರೋಗಿಯನ್ನು ನೋಡಿಕೊಂಡು, ಬೇರೆ ಪಂಪ್ ಹಾಕಿದ ಮೇಲೆ ಹಳೇ ಪಂಪ್‌ನ ಸೆಟ್ಟಿಂಗ್ ಬದಲಿಸಬೇಡಿ. ಸಿರಿಂಜ್, ಲೈನ್ ಎರಡನ್ನೂ ಹಾಗೇ ಒಂದು ಕವರ್‌ನಲ್ಲಿ ಇಡಿ. ಪರದೆಯ ಫೋಟೋ ತೆಗೆಯಿರಿ. ಬಹಳಷ್ಟು ಪಂಪ್‌ಗಳು ಯಾವಾಗ ಯಾವ ಗುಂಡಿ ಒತ್ತಿದರು ಅಂತ ಒಳಗೇ ದಾಖಲಿಸಿಕೊಳ್ಳುತ್ತವೆ, ಬಯೋಮೆಡಿಕಲ್‌ನವರು ಅದನ್ನು ತೆಗೆಯಬಲ್ಲರು. ಭಾರತದಲ್ಲಿ 2015ರ ಜುಲೈನಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಘಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ಅದನ್ನು ನಡೆಸುತ್ತದೆ. ವೈದ್ಯಕೀಯ ಉಪಕರಣದಿಂದ ಆದ ತೊಂದರೆಯನ್ನು ಅಲ್ಲಿಗೆ ವೈದ್ಯರಷ್ಟೇ ಅಲ್ಲ, ನರ್ಸ್‌ಗಳೂ ತಿಳಿಸಬಹುದು.

ಕೆಟ್ಟ ಪಂಪ್ ಅನ್ನು "ರಿಪೇರಿ" ಅಂತ ಚೀಟಿ ಹಚ್ಚಿ ಕಪಾಟಿನಲ್ಲಿ ಇಡಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಹೊಸ ಅಡ್ಮಿಷನ್ ಬಂದಾಗ ಆ ಚೀಟಿ ಕಳಚಿ ಬೀಳುತ್ತದೆ, ಪಂಪ್ ಮತ್ತೆ ಹಾಸಿಗೆ ಪಕ್ಕ ಬರುತ್ತದೆ. ನಾವೀಗ ಅಂಥ ಪಂಪ್‌ನ ಪವರ್ ಕೇಬಲ್ ಬಿಚ್ಚಿ ಇನ್‌ಚಾರ್ಜ್ ಸಿಸ್ಟರ್ ಮೇಜಿನ ಡ್ರಾನಲ್ಲಿ ಬೀಗ ಹಾಕಿಡುತ್ತೇವೆ.